ಕೆಂಪು ಪರದೆಯ ಪಕ್ಕದ ಕುರ್ಚಿ

ಬಾರ್ಸಿಲೋನಾದ ಮೊಂಜುಯಿಕ್ ಗುಡ್ಡದ ತಪ್ಪಲಲ್ಲಿರುವ ಜರ್ಮನ್ ಪೆವಿಲಿಯನ್‌ಗೆ, ಅಂದರೆ ಜರ್ಮನಿಯ ಪ್ರದರ್ಶನ ಮಂಟಪಕ್ಕೆ, ನಾನು ಹೋದದ್ದು ಒಂದು ಕುರ್ಚಿಯನ್ನು ನೋಡುವುದಕ್ಕಾಗಿ. ಒಳಾಂಗಣ ವಿನ್ಯಾಸ ಓದುತ್ತಿದ್ದಾಗ ಅಲ್ಲಿನ ‘ಬಾರ್ಸಿಲೋನಾ ಚೇರ್’ನ ಚಿತ್ರವನ್ನು ಎಷ್ಟೋ ಸಲ ಬಿಡಿಸಿದ್ದೆ. ಬೆಂಗಳೂರಿನ ಕಚೇರಿಗಳಲ್ಲಿ ಅದರ ನಕಲುಗಳ ಮೇಲೆ ಕುಳಿತು ಕಾದದ್ದೂ ಉಂಟು. ಎಲ್ಲಿಟ್ಟರೂ ಸಲ್ಲುವ ಕುರ್ಚಿ ಅದು ಎಂದೇ ನಂಬಿದ್ದೆ.

ಟ್ರಾವರ್ಟೈನ್ ಕಲ್ಲಿನ ಮೆಟ್ಟಿಲೇರಿ, ಕೊಳದ ಅಂಚಿನಲ್ಲಿ ನಡೆದು ಒಳಗೆ ತಿರುಗಿದಾಗ ಜೇನುಬಣ್ಣದ ಓನಿಕ್ಸ್ ಶಿಲೆಯ ಗೋಡೆ ಎದುರಾಯಿತು. ಅದರ ಮುಂದೆ ಕಪ್ಪು ರತ್ನಗಂಬಳಿ, ಗಾಜಿನುದ್ದಕ್ಕೂ ಇಳಿಬಿಟ್ಟ ಕೆಂಪು ಪರದೆ, ಇವುಗಳ ನಡುವೆ ಕತ್ತರಿ ಕಾಲಿನ ಬಿಳಿ ಕುರ್ಚಿಗಳು. 1929ರ ಅಂತಾರಾಷ್ಟ್ರೀಯ ಪ್ರದರ್ಶನದ ಉದ್ಘಾಟನೆಗೆ ಬರುವ ಸ್ಪೇನಿನ ದೊರೆ 13ನೇ ಅಲ್ಫಾನ್ಸೊ ಮತ್ತು ರಾಣಿಗಾಗಿ ಅಣಿಗೊಳಿಸಿದ್ದ ಆಸನಗಳ ವಿನ್ಯಾಸ ಅದು. ಕಪ್ಪು, ಕೆಂಪು, ಹೊನ್ನು: ಆಗಿನ ಜರ್ಮನ್ ಗಣರಾಜ್ಯದ ಬಾವುಟದ ಬಣ್ಣಗಳೂ ಇವೇ. ಮಾಡಿನ ಭಾರವನ್ನು ಎಂಟು ತೆಳು ಉಕ್ಕಿನ ಕಂಬಗಳು ಹೊತ್ತಿರುವುದರಿಂದ ಗೋಡೆಗಳು ಬೇಕಾದಲ್ಲಿ ನಿಲ್ಲಬಲ್ಲವು, ಬೇಕಾದಲ್ಲಿ ಮುಗಿಯಬಲ್ಲವು ಎಂದು ನಮಗೆ ತರಗತಿಯಲ್ಲಿ ಕಲಿಸಿದ್ದರು. ಆದರೆ ಆ ಪರದೆಯೂ ಗೋಡೆಯ ಕೆಲಸವನ್ನೇ ಮಾಡುತ್ತಿದೆ ಎಂಬುದು ಅಲ್ಲಿ ನಿಂತಾಗಲೇ ನನಗೆ ಹೊಳೆದದ್ದು.

ನಮ್ಮ ಪಾಠಗಳಲ್ಲಿ ಈ ಪೆವಿಲಿಯನ್ನಿನ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಅವರ ಹೆಸರು ಮಾತ್ರ ಇತ್ತು. ಬಾರ್ಸಿಲೋನಾದಲ್ಲಿ ಜರ್ಮನ್ ವಿಭಾಗದ ವಿನ್ಯಾಸದ ಹೊಣೆಯನ್ನು ಅವರೊಂದಿಗೆ ಹೊತ್ತಿದ್ದ ಲಿಲಿ ರೈಷ್ ಅವರ ಹೆಸರನ್ನು ಯಾರೂ ಹೇಳಲಿಲ್ಲ. ಅದು ನನಗೆ ಇಂದಿಗೂ ನೋವಿನ ಸಂಗತಿ. ಕಸೂತಿ ಕಲಿತು ವಿನ್ಯಾಸಕ್ಕೆ ಬಂದಿದ್ದ ಆಕೆ, 1927ರಲ್ಲಿ ಬರ್ಲಿನ್ನಿನ ಪ್ರದರ್ಶನವೊಂದಕ್ಕೆ ಮೀಸ್ ಜೊತೆಗೂಡಿ ಒಂದು ಕೆಫೆಯನ್ನು ರೂಪಿಸಿದ್ದರು. ಅಲ್ಲಿ ಇಟ್ಟಿಗೆಯಿಲ್ಲ, ಕಲ್ಲಿಲ್ಲ. ಉಕ್ಕಿನ ಕೊಳವೆಗಳಿಂದ ಇಳಿಬಿಟ್ಟ ಮಖಮಲ್ಲು ಮತ್ತು ರೇಷ್ಮೆಯೇ ಜಾಗವನ್ನು ವಿಂಗಡಿಸುತ್ತಿದ್ದವು. ಆ ಕೆಫೆಯ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಪರದೆಯನ್ನು ನೋಡಿದವರಿಗೆ ಅದು ಕೊನೆಗೆ ಸೇರಿಸಿದ ಅಲಂಕಾರವೆಂದು ತೋರಲಾರದು.

ನಾನು ನಿಂತಿದ್ದದ್ದು ಮೂಲ ಕಟ್ಟಡದಲ್ಲಲ್ಲ. ಅದನ್ನು 1930ರಲ್ಲೇ ಬಿಚ್ಚಿದ್ದರು; ಈಗಿನದನ್ನು ಅದೇ ಜಾಗದಲ್ಲಿ ಮರಳಿ ಕಟ್ಟಿ 1986ರಲ್ಲಿ ಮುಗಿಸಿದರು. ಆದರೂ ಬಿಸಿಲು ಏರಿದಂತೆ ಪರದೆಯ ಕೆಂಪು ಗಾಜಿಗೂ ಕುರ್ಚಿಯ ಹೊಳೆಯುವ ಕಾಲಿಗೂ ಹರಿದು ಬಂದಾಗ, ಬೆಂಗಳೂರಿನ ಆ ನಕಲುಗಳಿಗೆ ಏನು ಕಡಿಮೆಯಾಗಿತ್ತೆಂದು ತಿಳಿಯಿತು. ಚಿತ್ರ ಬರೆಯುವ ಪುಸ್ತಕವನ್ನು ತೆರೆದು ಮೊದಲು ಪರದೆಯ ನೆರಿಗೆಗಳನ್ನು ಬಿಡಿಸಿದೆ, ಆಮೇಲೆ ಓನಿಕ್ಸಿನ ಗೆರೆಗಳನ್ನು. ಕುರ್ಚಿಗೆ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.