ಹಾಲು ಕರೆಯುವ ಹೊತ್ತಾಯ್ತು

ಬುಧವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಏಳಿ, ಹಾಲು ಕರೆಯುವ ಹೊತ್ತಾಯ್ತು." ಹೇಳಿದ್ದು ನಮ್ಮ ಪಕ್ಕದ ಮನೆಯ ಅಜ್ಜಿ. ಹೇಳಿದ ಜಾಗ ಸಮುದ್ರದ ದಂಡೆ. ಅವರ ಕೊಟ್ಟಿಗೆಯಲ್ಲಿ ಈಗ ಒಂದು ಹಸುವೂ ಇಲ್ಲ.

ನಾವಿರುವುದು ಫ್ರಾನ್ಸಿನ ನಾರ್ಮಂಡಿಯ ಒಂದು ಸಣ್ಣ ಹಳ್ಳಿಯಲ್ಲಿ, ಕೂತಾಂಸ್ ಪಟ್ಟಣದ ಹತ್ತಿರ. ಸಮುದ್ರಕ್ಕೆ ಕಾರಿನಲ್ಲಿ ಅರ್ಧ ಗಂಟೆ. ಆಗಸ್ಟ್ ಬಂತೆಂದರೆ ಬೇಕರಿಯವರೂ ಬಾಗಿಲಿಗೆ ಚೀಟಿ ಅಂಟಿಸಿ ರಜೆ ಹೋಗುತ್ತಾರೆ. ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ.

ನಮ್ಮ ಕುಮಟಾ ಮನೆಯಲ್ಲಿ ಪಂಚಾಂಗ ನೇತಾಡುವ ಹಾಗೆ ಅಜ್ಜಿಯ ಅಡುಗೆಮನೆಯಲ್ಲಿ ಉಬ್ಬರ-ಇಳಿತದ ಪುಟ್ಟ ಪುಸ್ತಕ ನೇತಾಡುತ್ತದೆ. ಒಂದೊಂದು ದಿನದ ಎದುರಿಗೂ ಸಂಖ್ಯೆ, 20ರಿಂದ 120ರವರೆಗೆ. ಸಂಖ್ಯೆ ದೊಡ್ಡದಾದಷ್ಟೂ ನೀರು ದೂರ ಸರಿಯುತ್ತದೆ. ಬುಧವಾರ 100 ದಾಟಿತ್ತು. ಹುಣ್ಣಿಮೆ ಆಗಿ ಎರಡು ದಿನ. ಅಜ್ಜಿ ಮುಂಚಿನ ದಿನವೇ ಬಂದು, ಬುಟ್ಟಿ ತೊಳೆದಿಟ್ಟಿದ್ದೇನೆ, ಹನ್ನೆರಡೂವರೆಗೆ ಹೊರಡಬೇಕು ಅಂದರು.

ಗೂವಿಲ್ ದಂಡೆಯಲ್ಲಿ ಬಣ್ಣಬಣ್ಣದ ಸೂರಿನ ಪುಟ್ಟ ಬಿಳಿ ಗೂಡುಗಳ ಸಾಲಿದೆ. ಪ್ರವಾಸಿಗಳು ಅಲ್ಲೇ ನಿಂತು ಫೋಟೋ ತೆಗೆಯುತ್ತಾರೆ. ಅಜ್ಜಿ ಅತ್ತ ನೋಡಲೂ ಇಲ್ಲ. ರಬ್ಬರ್ ಬೂಟು ಹಾಕಿಕೊಂಡು ನೀರು ಬಿಟ್ಟು ಹೋದ ಮರಳಿನ ಮೇಲೆ ನಡೆದೇ ನಡೆದರು. ಎಪ್ಪತ್ತೆಂಟು ವಯಸ್ಸು, ನನಗೆ ಹಿಂದೆ ಹೋಗೋದೇ ಕಷ್ಟವಾಯಿತು. ಮರಳಲ್ಲಿ ಪಕ್ಕಪಕ್ಕ ಎರಡು ಸಣ್ಣ ತೂತು ಕಂಡರೆ ಕೆಳಗೆ ಪಲೂರ್ದ್ ಇದೆ ಎಂದು ಅರ್ಥ. ನಮ್ಮ ಅಘನಾಶಿನಿಯ ಬಳಚಿನ ಬಳಗದ್ದೇ ಚಿಪ್ಪು. ಹಳೆಯ ಚಮಚದಿಂದ ಕೆದರಿ ತೆಗೆದು, ಒಂದೊಂದನ್ನೂ ಅಳತೆಪಟ್ಟಿಗೆ ಹಿಡಿಯುತ್ತಿದ್ದರು. ನಾಲ್ಕು ಸೆಂಟಿಮೀಟರಿಗಿಂತ ಸಣ್ಣದನ್ನು ತೆಗೆಯುವಂತಿಲ್ಲ. ಸಣ್ಣದು ಸಿಕ್ಕರೆ ಅದೇ ಗುಂಡಿಯಲ್ಲಿಟ್ಟು ಮರಳು ಮುಚ್ಚಿ ಅಂಗೈಯಿಂದ ಮೆತ್ತಗೆ ತಟ್ಟುತ್ತಿದ್ದರು. ಆ ತಟ್ಟುವಿಕೆ ಇನ್ನೂ ಕಣ್ಣ ಮುಂದಿದೆ.

ಆಮೇಲೆ ದಡಕ್ಕೆ ಬಂದು ಬೆಣ್ಣೆ ಸವರಿದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಟೊಮೆಟೊ ತಿಂದು ಫ್ಲಾಸ್ಕಿನ ಕಾಫಿ ಕುಡಿದೆವು. ಬಿಸಿಲು ಹಿತವಾಗಿತ್ತು. ನಾಲ್ಕು ಗಂಟೆ ದಾಟಿರಬೇಕು, ಅಜ್ಜಿ ಕೈಗಡಿಯಾರ ನೋಡಿ ತಟ್ಟನೆ ಎದ್ದು ನಿಂತರು. "ಏಳಿ, ಹಾಲು ಕರೆಯುವ ಹೊತ್ತಾಯ್ತು."

ನಾನು ಸುಮ್ಮನಿರಬೇಕಿತ್ತು. "ಹಸು ಎಲ್ಲಿವೆ ಮದಾಮ್?" ಎಂದು ಕೇಳಿಬಿಟ್ಟೆ.

ಅವರು ನನ್ನ ಮುಖ ನೋಡಿದರು. "ಹೌದಲ್ಲ" ಎಂದು ಕೂತರು. ಎರಡು ನಿಮಿಷಕ್ಕೆ ಮತ್ತೆ ಎದ್ದರು. ಕೂರಲು ಆಗಲೇ ಇಲ್ಲ ಅವರಿಗೆ.

ಮದುವೆಯಾಗಿ ಬಂದ ದಿನದಿಂದ ನಲವತ್ತು ವರ್ಷ ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದೂವರೆಗೊಮ್ಮೆ ಹಾಲು ಕರೆದ ಜೀವ ಅದು. ನಲವತ್ತು ಹಸು, ಕಣ್ಣಿನ ಸುತ್ತ ಕನ್ನಡಕದಂಥ ಮಚ್ಚೆ ಇರುವ ನಾರ್ಮಂಡ್ ತಳಿ. 2015ರಲ್ಲಿ ಯುರೋಪಿನಲ್ಲಿ ಹಾಲಿನ ಕೋಟಾ, ಅಂದರೆ ಇಷ್ಟೇ ಹಾಲು ಮಾರಬೇಕೆಂಬ ಮಿತಿ, ತೆಗೆದರು, ಬೆಲೆ ಬಿತ್ತು, ಮರುವರ್ಷ ಗಂಡನೂ ಹೋದರು, ಹಸು ಮಾರಿದರು. ಈ ಕರಾವಳಿಯಲ್ಲಿ ಹಗಲಿನ ದೊಡ್ಡ ಇಳಿತ ಬರುವುದು ಹೆಚ್ಚುಕಡಿಮೆ ಯಾವಾಗಲೂ ಮಧ್ಯಾಹ್ನವೇ. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ. ಹಾಗಾಗಿ ಅವರಿಗೆ ಸಮುದ್ರ ಎಂದರೆ ಬೇಸಿಗೆಯಲ್ಲಿ ಎರಡೋ ಮೂರೋ ಮಧ್ಯಾಹ್ನ, ಅಷ್ಟೇ. ಒಂದು ರಾತ್ರಿಯೂ ಸಮುದ್ರದ ಹತ್ತಿರ ಮಲಗಿಲ್ಲವಂತೆ. ಅರ್ಧ ಗಂಟೆ ದೂರ!

ಈ ದೇಶದವರಿಗೆ ರಜೆ ಎಂದರೆ ಪ್ರಾಣ. 1936ರಲ್ಲಿ ಕೂಲಿಕಾರರು ಮುಷ್ಕರ ಹೂಡಿ ಸಂಬಳದ ಜೊತೆ ಎರಡು ವಾರ ರಜೆ ಪಡೆದರು, 1982ರಲ್ಲಿ ಅದು ಐದು ವಾರವಾಯಿತು. ತುಂಬಾ ದೊಡ್ಡ ಕೆಲಸ ಅದು, ಎರಡು ಮಾತಿಲ್ಲ. ಆದರೆ ಹಸು ಸಾಕುವವರಿಗೆ ಸಂಬಳವೂ ಇಲ್ಲ, ಸಂಬಳದ ರಜೆಯೂ ಇಲ್ಲ. ಅಜ್ಜಿಯ ಮಗ ಪ್ಯಾರಿಸಿನಿಂದ ಆಗಸ್ಟಿನಲ್ಲಿ ಹದಿನೈದು ದಿನ ಬಂದು, ಅಮ್ಮನಿಗೆ ಆರಾಮಾಗಿರೋಕೆ ಬರಲ್ಲ ಎಂದು ನನ್ನ ಹತ್ತಿರ ದೂರುತ್ತಾನೆ. ಒಳ್ಳೆಯ ಹುಡುಗನೇ. ಆದರೆ ಅವನು ಓದಿದ್ದೂ ಆ ಹಾಲಿನ ದುಡ್ಡಿನಲ್ಲೇ ಅಲ್ವಾ? ನನಗೆ ಸಿಟ್ಟು ಬರುತ್ತದೆ.

ಆ ಸಂಜೆ ಐದೂವರೆಗೆ ನಮ್ಮ ಕಿಟಕಿಯಿಂದ ನೋಡಿದೆ. ಅಜ್ಜಿ ಖಾಲಿ ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದರು. ಹಳೆಯ ಹಾಲಿನ ಬಕೆಟ್ಟಿಗೆ ಕ್ಯಾನಿನಲ್ಲಿ ತಂದ ಸಮುದ್ರದ ನೀರು ಹೊಯ್ದು, ಮರಳು ಉಗುಳಲಿ ಎಂದು ಪಲೂರ್ದ್‌ಗಳನ್ನು ಒಂದೊಂದಾಗಿ ಬಿಡುತ್ತಿದ್ದರು.

ಮರುದಿನ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಮ್ಮನಿಗೂ ಎರಡು ಹಸು. ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ ಒಂದು ರಾತ್ರಿ ಉಳಿದುಕೋ ಎಂದರೆ, ಗೌರಿ ಬೇರೆಯವರಿಗೆ ಹಾಲು ಕೊಡಲ್ಲ ಎನ್ನುತ್ತಾಳೆ. ವರ್ಷಗಟ್ಟಲೆ ಅದು ನೆಪ ಎಂದೇ ನಾವು ಜಗಳವಾಡಿದ್ದೇವೆ.

"ಎಷ್ಟು ಹಸು ಇದ್ದವಂತೆ?" ಕೇಳಿದಳು.

"ನಲವತ್ತು."

"ನಲವತ್ತಾ? ಅಷ್ಟನ್ನೂ ಮಾರಿದ್ರಾ?" ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇರು, ಕರು ಕೂಗ್ತಾ ಇದೆ" ಎಂದು ಫೋನ್ ಇಟ್ಟಳು.