ಹ್ಯಾವ್ಲಾಕಿನಲ್ಲಿ ಮದುವೆ, ಮುಹೂರ್ತ ಒಂಬತ್ತು ನಲವತ್ತಕ್ಕೆ

ಅಕ್ಕನ ಮಗಳು, ಅವಳು ಮೆಚ್ಚಿದ ಹುಡುಗ ಇಬ್ಬರೂ ಸ್ಕೂಬಾ ಕಲಿತದ್ದು ಅಂಡಮಾನಿನ ಹ್ಯಾವ್ಲಾಕ್ ದ್ವೀಪದಲ್ಲಿ. ಮದುವೆಯೂ ಅಲ್ಲೇ ಆಗಬೇಕು ಅಂತ ಹಟ ಹಿಡಿದರು. ಅಕ್ಕ ಸ್ವಲ್ಪ ದಿನ ಮಾತು ಬಿಟ್ಟು ನೋಡಿದಳು, ಆಮೇಲೆ ಒಪ್ಪಿದಳು. ಭಾವ ಮಾತ್ರ ಒಂದೇ ಕರಾರು ಹಾಕಿದರು: ಅಡಿಕೆ ಕೊಯ್ಲು ಮುಗಿದಿರಬೇಕು. ಫೆಬ್ರವರಿ ಎಲ್ಲದಕ್ಕೂ ಹೊಂದಿತು. ಧನುರ್ಮಾಸ ಕಳೆದಿರುತ್ತದೆ, ಕೊಯ್ಲು ಮುಗಿಯುತ್ತ ಬಂದಿರುತ್ತದೆ, ಆ ಕಡೆಯ ಸಮುದ್ರವೂ ಶಾಂತವಾಗಿರುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆಗಾಲ, ಆಗ ಹಡಗು ಯಾವಾಗ ನಿಲ್ಲುತ್ತದೋ ಹೇಳಲಿಕ್ಕಾಗದು.

ಆಮಂತ್ರಣ ವಾಟ್ಸಾಪಿನಲ್ಲಿ ಬಂತು. ಮೆಹಂದಿಗೆ ಹಸಿರು, ಸಂಗೀತಕ್ಕೆ ಚಿನ್ನದ ಬಣ್ಣ, ಮುಹೂರ್ತಕ್ಕೆ ತಿಳಿಬಣ್ಣದ ಬಟ್ಟೆ. ಅಲ್ಲಿಗೆ ಹೋಗುವುದು ಹೇಗೆ ಅನ್ನುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿತ್ತು. ಮಾರನೇ ದಿನದಿಂದ ನನ್ನ ಫೋನಿಗೆ ಬಿಡುವಿಲ್ಲ. ದೊಡ್ಡಮ್ಮ, "ಪಾಸ್‌ಪೋರ್ಟ್ ಮಾಡಿಸ್ಬೇಕೇನೇ?" ಅಂದರು. ಸೋದರಮಾವನಿಗೆ ಹಡಗಿನಲ್ಲಿ ಮೂರು ದಿನ ಕೂರಬೇಕೇನೋ ಅನ್ನುವ ಭಯ. ಮದುಮಗಳ ಚಿಕ್ಕಮ್ಮ, ಮೇಲಾಗಿ ಶಾಲೆಯಲ್ಲಿ ಪಾಠ ಹೇಳುವವಳು ಅಂತ ಮಾಹಿತಿ ಬರೆಯುವ ಕೆಲಸ ನನ್ನ ತಲೆಗೆ ಬಂತು.

ಬರೆದೆ. ನಮ್ಮ ದೇಶದವರಿಗೆ ಪೋರ್ಟ್ ಬ್ಲೇರ್, ಹ್ಯಾವ್ಲಾಕ್ ಎರಡಕ್ಕೂ ಪಾಸ್‌ಪೋರ್ಟೂ ಬೇಡ, ಪರವಾನಗಿಯೂ ಬೇಡ, ಅಸಲಿ ಆಧಾರ್ ಸಾಕು. ಮೂರು ದಿನದ ಹಡಗು ಚೆನ್ನೈನಿಂದ ಹೊರಡುವುದು. ನಾವು ಹೋಗುವುದು ಬೆಂಗಳೂರಿನಿಂದ ನೇರ ವಿಮಾನದಲ್ಲಿ, ಸುಮಾರು ಎರಡೂವರೆ ಗಂಟೆ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು, ಹ್ಯಾವ್ಲಾಕ್ 2018ರಲ್ಲೇ ಸ್ವರಾಜ್ ದ್ವೀಪ ಆಗಿದೆ. ಟಿಕೆಟಿನಲ್ಲಿ ಹೊಸ ಹೆಸರು ಕಂಡರೆ ಗಾಬರಿ ಬೇಡ. ಬಿಪಿ, ಸಕ್ಕರೆ ಮಾತ್ರೆ ವಾರಕ್ಕೆ ಹೆಚ್ಚೇ ಇರಲಿ. ದ್ವೀಪದಲ್ಲಿರುವುದು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ದೊಡ್ಡ ತೊಂದರೆಯಾದರೆ ಪೋರ್ಟ್ ಬ್ಲೇರ್‌ಗೇ ಹೋಗಬೇಕು. ಫೋನ್‌ಪೇ ನಂಬಿಕೊಂಡು ಕೂರಬೇಡಿ, ಕೈಯಲ್ಲಿ ನಗದಿರಲಿ. 2020ರಲ್ಲಿ ಚೆನ್ನೈನಿಂದ ಸಮುದ್ರದ ತಳದಲ್ಲಿ ಕೇಬಲ್ ಎಳೆದ ಮೇಲೆ ನೆಟ್‌ವರ್ಕ್ ಎಷ್ಟೋ ವಾಸಿ, ಆದರೂ ಕೈಕೊಡುತ್ತದೆ. ಹಿಮ್ಮಡಿ ಎತ್ತರದ ಚಪ್ಪಲಿ ತರಬೇಡಿ, ಮರಳಿನಲ್ಲಿ ಹೂತುಹೋಗುತ್ತದೆ.

ಇಷ್ಟೆಲ್ಲ ಸುಲಭದ ಮಾತು. ತಲೆ ತಿಂದದ್ದು ಗಡಿಯಾರ.

ಭಟ್ಟರು ಪಂಚಾಂಗ ನೋಡಿ ಮೇಷ ಲಗ್ನ, ಬೆಳಿಗ್ಗೆ 10.50 ಅಂತ ಚೀಟಿ ಬರೆದರು. ಪಕ್ಕದಲ್ಲಿ ಕೂತಿದ್ದ ಅವರ ಮಗ ಫೋನಿನಲ್ಲಿ ಏನೋ ನೋಡಿ, "ಅಪ್ಪಯ್ಯ, ಅಲ್ಲಿ ಸೂರ್ಯ ಹುಟ್ಟೋದು ಐದೂ ಮುಕ್ಕಾಲಿಗೆ" ಅಂದ. ನಮ್ಮಲ್ಲಿ ಫೆಬ್ರವರಿಯಲ್ಲಿ ಏಳು ಗಂಟೆಯ ಹತ್ತಿರ. ಭಟ್ಟರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಹೌದಲ್ಲ ಮಾರಾಯ," ಅಂತ ಹೇಳಿ ಚೀಟಿ ತಿರುಗಿಸಿ ಲೆಕ್ಕಕ್ಕೆ ಕೂತರು. ಲಗ್ನ ಅಂದರೆ ಆ ಹೊತ್ತಿಗೆ ಪೂರ್ವ ದಿಗಂತದಲ್ಲಿ ಏಳುತ್ತಿರುವ ರಾಶಿ. ನಮ್ಮ ಶಿವಮೊಗ್ಗ ಇರುವುದು 75.5 ಡಿಗ್ರಿ ರೇಖಾಂಶದಲ್ಲಿ, ಹ್ಯಾವ್ಲಾಕ್ 93ಕ್ಕೆ ಸಮೀಪ. ಹದಿನೇಳೂವರೆ ಡಿಗ್ರಿ, ಡಿಗ್ರಿಗೆ ನಾಲ್ಕು ನಿಮಿಷ. ಎಪ್ಪತ್ತು ನಿಮಿಷ ಮುಂಚೆಯೇ ಅಲ್ಲಿ ಮೇಷ ರಾಶಿ ಏಳುತ್ತದೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. "9.40," ಅಂತ ಬರೆದು ಕೆಳಗೆ ಎರಡು ಗೆರೆ ಎಳೆದರು.

ಆಗ ಕಾರ್ಯಕ್ರಮದ ಪಟ್ಟಿಯನ್ನೆಲ್ಲ ಮತ್ತೆ ತೆಗೆಯಬೇಕಾಯಿತು. ಮದುವೆ ನಡೆಸಿಕೊಡುವ ಕಂಪನಿಯವರು "ಸೂರ್ಯಾಸ್ತದ ಆರತಕ್ಷತೆ, ಸಂಜೆ 6.30" ಅಂತ ಅಚ್ಚು ಹಾಕಿಸಿದ್ದರು. ಅಲ್ಲಿ ಫೆಬ್ರವರಿಯಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ, ಆರೂವರೆಗೆ ನಕ್ಷತ್ರ ನೋಡಬಹುದು. ಅಕ್ಕ ಫೋನ್ ಮಾಡಿ ಅವರಿಗೆ ಸರಿಯಾಗಿ ಕೊಟ್ಟಳು. ನಾನು ನೆಂಟರಿಗೆಲ್ಲ ಕಳಿಸಿದ್ದು ಒಂದೇ ಮಾತು: "ಅಲ್ಲಿ ಇರುವಷ್ಟು ದಿನ ಎಲ್ಲವನ್ನೂ ಒಂದು ಗಂಟೆ ಮುಂಚೆ ಮಾಡಿ. ನಾಲ್ಕೂವರೆಗೆ ಏಳಿ, ಒಂಬತ್ತಕ್ಕೆ ಮಲಗಿ." ಬೆಂಗಳೂರಿನ ಹುಡುಗರು ನಕ್ಕರು. ನಮ್ಮ ಮಲೆನಾಡಿನ ಹಿರಿಯರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

ವಿಮಾನಕ್ಕೆ ಒಯ್ಯಬಾರದ ಸಾಮಾನಿನ ವಿಷಯವನ್ನೂ ಬರೆದಿದ್ದೆ: ಕೊಬ್ಬರಿ, ಕರ್ಪೂರ, ಬೆಂಕಿಪೊಟ್ಟಣ. ಕರ್ಪೂರ ಸರಿ, ಕೊಬ್ಬರಿ ಯಾಕೆ ಅಂತ ಎಲ್ಲರೂ ಕೇಳಿದರು. ಒಣಕೊಬ್ಬರಿಯ ಎಣ್ಣೆಯಂಶ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಅನ್ನುವುದು ವಿಮಾನದವರ ಲೆಕ್ಕ. ಕೊಬ್ಬರಿ ಗಿಟುಕಿಲ್ಲದೆ ಮದುವೆಯ ಸಾಮಾನು ಕಟ್ಟುವುದು ಹೇಗೆ ಅಂತ ಚಿಕ್ಕಪ್ಪ ಒಂದು ಚೀಲ ತುಂಬಿಕೊಂಡೇ ಬಂದರು. ದೇವನಹಳ್ಳಿಯಲ್ಲಿ ಚೀಲ ಬಿಚ್ಚಿಸಿ ಅದನ್ನು ತೆಗೆಸಿದರು. ತೆಂಗಿನ ದೇಶಕ್ಕೇ ತೆಂಗು ಹೊತ್ತುಕೊಂಡು ಹೊರಟಿದ್ದೆವು, ನಿಜ ಹೇಳಬೇಕೆಂದರೆ.

ಪೋರ್ಟ್ ಬ್ಲೇರ್‌ನಲ್ಲಿ ಇಳಿದು ಹ್ಯಾಡೊ ಬಂದರಿಗೆ ಹೋಗಿ ಖಾಸಗಿ ದೋಣಿ ಹತ್ತಬೇಕು. ದೋಣಿ ಅನ್ನುತ್ತೇನೆ, ಒಳಗೆ ಎಸಿ ಬಸ್ಸಿನ ಹಾಗೆ ಸಾಲು ಸೀಟು. ಸುಮಾರು ಒಂದೂವರೆ ಎರಡು ಗಂಟೆಯ ಹಾದಿ. ಟಿಕೆಟಿನಲ್ಲಿರುವ ಹೆಸರು, ಗುರುತಿನ ಚೀಟಿಯ ಹೆಸರು ಒಂದೇ ಇರಬೇಕು. ಮಧ್ಯಾಹ್ನ ಕಳೆದ ಮೇಲೆ ದೋಣಿ ಸಿಗುವುದು ಕಷ್ಟ. ಅದಕ್ಕೇ ವಿಮಾನ ಬೆಳಗಿನದೇ ಹಿಡಿಯಿರಿ, ನಡುವೆ ಮೂರು ಗಂಟೆಯಾದರೂ ಬಿಡುವಿರಲಿ ಅಂತ ಒತ್ತಿ ಹೇಳಿದ್ದೆ. ವಾಂತಿ ಮಾತ್ರೆ ದೋಣಿ ಹೊರಡುವ ಅರ್ಧ ಗಂಟೆ ಮೊದಲೇ ನುಂಗಬೇಕು, ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿದರೆ ಉಪಯೋಗವಿಲ್ಲ. ದೊಡ್ಡಮ್ಮ ಮಾತ್ರೆ ಬೇಡ ಅಂದು, ಸೆರಗಿನ ತುದಿಗೆ ಕಟ್ಟಿಕೊಂಡು ಬಂದಿದ್ದ ನಿಂಬೆಹಣ್ಣನ್ನು ಮೂಸುತ್ತ ನಡುಭಾಗದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತರು. ಅವರಿಗೆ ಏನೂ ಆಗಲಿಲ್ಲ. ಮಾತ್ರೆ ನುಂಗಿ ಮುಂದಿನ ಸಾಲಿನಲ್ಲಿ ಕೂತ ನನ್ನ ಗಂಡ ಎರಡು ಕವರ್ ಖರ್ಚು ಮಾಡಿದರು.

ಮದುವೆಯ ಹಿಂದಿನ ದಿನ ಭಾವನ ಜೊತೆ ಗೋವಿಂದನಗರದ ಪೇಟೆಗೆ ಹೋದೆ. ಆ ದ್ವೀಪದಲ್ಲಿ ನೆಲೆಸಿದವರು ಹೆಚ್ಚಾಗಿ ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು. ಊರುಗಳ ಹೆಸರೇ ಹೇಳುತ್ತವೆ: ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ, ರಾಧಾನಗರ. ತರಕಾರಿ ಬಹಳಷ್ಟು ಹಡಗಿನಲ್ಲಿ ಬರುವುದರಿಂದ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಬಾಳೆ ಎಲೆ, ತೆಂಗಿನಕಾಯಿ, ಅಡಿಕೆ, ವೀಳ್ಯದೆಲೆಗೆ ಮಾತ್ರ ಬರವಿಲ್ಲ. ಸಾರಿನಪುಡಿ, ಬೇಳೆ, ಮಲ್ಲಿಗೆ ದಂಡೆ ಊರಿಂದಲೇ ಬಂದಿದ್ದವು, ದಂಡೆಗಳು ಥರ್ಮೊಕೋಲ್ ಪೆಟ್ಟಿಗೆಯಲ್ಲಿ. ಒಂದು ಅಂಗಡಿಯ ಮುಂದೆ ಗೋಣಿಯಲ್ಲಿ ಅಡಿಕೆ ಇತ್ತು. ಭಾವ ಒಂದನ್ನು ಎತ್ತಿ, ಅಡಕತ್ತರಿ ಕೇಳಿ ಇಸಕೊಂಡು, ಎರಡು ಹೋಳು ಮಾಡಿ, ಒಳಗಿನ ಬಿಳಿ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಚಾಲಿ," ಅಂದರು, ಬೇಯಿಸದೆ ಹಾಗೇ ಬಿಸಿಲಿಗೆ ಒಣಗಿಸಿದ್ದು. "ಬೇಯಿಸೋ ಪದ್ಧತಿ ಇಲ್ಲಿಲ್ಲ ಅನ್ನಿಸುತ್ತೆ. ಕಾಯಿ ಚೆನ್ನಾಗೇ ಇದೆ." ಅಂಗಡಿಯ ಮುದುಕನಿಗೆ ಕನ್ನಡ ಬಾರದು, ಭಾವನ ಹಿಂದಿ ದೇವರಿಗೇ ಪ್ರೀತಿ. ಆದರೂ ಇಬ್ಬರೂ ಕ್ವಿಂಟಾಲಿನ ರೇಟಿನ ಬಗ್ಗೆ ಬೆರಳಿನಲ್ಲೇ ಬಹಳ ಹೊತ್ತು ಮಾತಾಡಿದರು. ನಾನು ಎಲೆಯ ಕಟ್ಟು ಹಿಡಿದು ಬಿಸಿಲಿನಲ್ಲಿ ನಿಂತಿದ್ದೆ.

ವಿಜಯನಗರದ ಕಡಲಂಚಿನ ರೆಸಾರ್ಟಿಗೆ ವಾಪಸು ಬಂದಾಗ ಅಲಂಕಾರದವರು ಮಂಟಪವನ್ನು ನೀರಿಗೆ ಹತ್ತಿರ, ಮರಳಿನ ಮೇಲೆ ಕಟ್ಟುತ್ತಿದ್ದರು. ಆಗ ಸಂಜೆ ನಾಲ್ಕು. ಸಮುದ್ರ ದೂರ ಹಿಂದೆ ಸರಿದು ಬಂಡೆಗಳೆಲ್ಲ ಮೇಲೆದ್ದಿದ್ದವು. ರೆಸಾರ್ಟಿನ ತೋಟದ ಕೆಲಸದವನು ನನ್ನನ್ನು ಕರೆದು, ಮರಳಿನ ಮೇಲೆ ಒಣಗಿದ್ದ ಪಾಚಿಯ ಗೆರೆ ತೋರಿಸಿದ. ಮಂಟಪದ ಕಂಬಗಳು ಆ ಗೆರೆಗಿಂತ ಕೆಳಗಿದ್ದವು. ಹುಣ್ಣಿಮೆ ಹತ್ತಿರ ಬಂದಿದೆ, ಬೆಳಿಗ್ಗೆ ನೀರು ಇಲ್ಲಿಯವರೆಗೆ ಏರುತ್ತದೆ ಅಂದ. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಜಾಸ್ತಿ ಅಂತ ಮಕ್ಕಳಿಗೆ ಎಷ್ಟು ವರ್ಷದಿಂದ ಹೇಳಿಕೊಟ್ಟಿದ್ದೇನೆ! ಅಂಥ ತಿಥಿಗಳ ಹತ್ತಿರ ಮುಹೂರ್ತ ಇಟ್ಟು ಕಡಲತೀರದಲ್ಲಿ ಮಂಟಪ ಹಾಕುವವರು ಉಬ್ಬರದ ಪಟ್ಟಿಯನ್ನೂ ಪಂಚಾಂಗದ ಜೊತೆ ಇಟ್ಟುಕೊಳ್ಳಬೇಕು. ಕಂಬಗಳನ್ನೆಲ್ಲ ಕಿತ್ತು, ಮೇಲಿನ ಹುಲ್ಲಿನ ಮೇಲೆ, ಸಮುದ್ರದ ಕಡೆಗೆ ವಾಲಿದ್ದ, ಅಲ್ಲಿಯವರು ಮಹುವಾ ಅನ್ನುವ ದೊಡ್ಡ ಮರದಡಿ ನೆಟ್ಟರು.

ಬೆಳಿಗ್ಗೆ ಒಂಬತ್ತಕ್ಕೆ ಪಾಚಿಯ ಗೆರೆ ನೀರಿನೊಳಗಿತ್ತು.

ವಿಜಯನಗರದ ತೀರ ಪೂರ್ವಕ್ಕಿದೆ. ವಧೂವರರು ಪೂರ್ವಕ್ಕೆ ಮುಖ ಮಾಡಿದರೆ ಎದುರಿಗೆ ನೇರ ಸಮುದ್ರ. ನೋಡಲು ಚೆಂದ, ಆದರೆ ಫೆಬ್ರವರಿಯ ಗಾಳಿಯೂ ಆ ಕಡೆಯಿಂದಲೇ. ಹೋಮದ ಹೊಗೆಯೆಲ್ಲ ಮದುಮಕ್ಕಳ ಕಣ್ಣಿಗೆ. ಕೊನೆಗೆ ಮೂರು ಜನ ಹುಡುಗರು ಜಮಖಾನ ಹಿಡಿದು ಗಾಳಿಗೆ ಅಡ್ಡ ನಿಂತರು. ಅಂತರಪಟ ಪಟಪಟ ಹೊಡೆದುಕೊಂಡು ಎರಡು ಸಲ ಮೇಲೆ ಹಾರಿತು, ಮುಹೂರ್ತಕ್ಕೆ ಮೊದಲೇ ಹುಡುಗ ಹುಡುಗಿಯ ಮುಖ ನೋಡಿಬಿಟ್ಟ. "ಇಬ್ಬರೂ ನೀರೊಳಗೆ ಜೊತೆಯಲ್ಲೇ ಮುಳುಗಿದವರು, ನಡೀರಿ ನಡೀರಿ," ಅಂದರು ಭಟ್ಟರು. ಸರಿಯಾಗಿ 9.40ಕ್ಕೆ ಜೀರಿಗೆ ಬೆಲ್ಲ ತಲೆಯ ಮೇಲೆ ಬಿತ್ತು. ಊಟಕ್ಕೆ ಹನ್ನೊಂದೂವರೆಗೇ ಎಲೆ ಹಾಕಿದರು, ಬೆಳಗಿನಿಂದ ಹಸಿದಿದ್ದ ಯಾರೂ ಬೇಡ ಅನ್ನಲಿಲ್ಲ.

ಸಂಜೆ ಫೋಟೋದವರು ಎಲ್ಲರನ್ನೂ ಪಶ್ಚಿಮದ ರಾಧಾನಗರ ತೀರಕ್ಕೆ ಹೊರಡಿಸಿದರು, ಸೂರ್ಯ ಮುಳುಗುವುದು ಕಾಣುವುದು ಅಲ್ಲಿ. ಹೋಗುವವರು ನಾಲ್ಕಕ್ಕೇ ಹೊರಡಬೇಕು, ಮೈಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಬೇಕು. ಮರಳುನೊಣ ಕಚ್ಚಿದ್ದು ಆಗ ಗೊತ್ತಾಗುವುದಿಲ್ಲ, ಮಾರನೇ ದಿನ ತುರಿಸಿ ಜೀವ ತೆಗೆಯುತ್ತದೆ. ಮೊಸಳೆಯ ಎಚ್ಚರಿಕೆಯ ಫಲಕ ಕಂಡರೆ ತಮಾಷೆ ಅಂದುಕೊಳ್ಳಬೇಡಿ. ಅಲ್ಲಿ ಉಪ್ಪುನೀರಿನ ಮೊಸಳೆಗಳು ನಿಜವಾಗಿಯೂ ಇವೆ.

ಹೊರಡುವಾಗ ಮಕ್ಕಳ ಚೀಲ ನಾವೇ ಒಮ್ಮೆ ಜಾಲಾಡಿದೆವು. ಹವಳದ ತುಂಡು, ಚಿಪ್ಪು ಒಯ್ಯಲು ಬಿಡುವುದಿಲ್ಲ. ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೆ ಪೇಚಾಟ. ವಿಮಾನದ ಹಿಂದಿನ ರಾತ್ರಿಯೇ ಪೋರ್ಟ್ ಬ್ಲೇರ್‌ಗೆ ಬಂದು ಉಳಿದೆವು. ಗಾಳಿ ಎದ್ದು ದೋಣಿ ನಿಂತರೆ ವಿಮಾನ ಕಾಯುತ್ತದೆಯೇ?

ಬೀಗರೂಟ ಮಾತ್ರ ಶಿವಮೊಗ್ಗದಲ್ಲೇ ಇಟ್ಟರು. ದ್ವೀಪಕ್ಕೆ ಬಂದವರು ಎಪ್ಪತ್ತು ಜನವೂ ಇರಲಿಲ್ಲ, ಇದಕ್ಕೆ ಆರುನೂರು ಎಲೆ ಬೇಕಾಯಿತು. ಅದರ ಮಾಹಿತಿ ಯಾರೂ ಕೇಳಲಿಲ್ಲ.