ಎಂಬತ್ತೆರಡಕ್ಕೆ ರಿಟೈರ್ಡ್, ಅದೇ ವರ್ಷ ಸ್ಟೇಜ್

18 ಜೂನ್ 2024, ಮಂಗಳವಾರ

ಈ ವಾರ ಪೂರ್ತಿ ಕಿವೀಲಿ ಆಲ್ಬರ್ಟಾ ಹಂಟರ್, ಬ್ಲೂಸ್ ಅಂದ್ರೆ ಅಮೆರಿಕದ ಕಪ್ಪು ಜನರ ನೋವು-ನಲಿವಿನ ಹಾಡುಗಳನ್ನ ಹಾಡ್ತಿದ್ದ ಗಾಯಕಿ. ಹುಟ್ಟಿದ್ದು 1895, ಮೆಂಫಿಸ್. ಇನ್ನೂ ಚಿಕ್ಕ ಹುಡ್ಗಿ ಇರೋವಾಗ್ಲೇ ಶಿಕಾಗೋಗೆ ಓಡಿಬಂದು, ಕಳ್ರು ಸೂಳೆಯರು ಸೇರೋ ಬಾರಲ್ಲಿ ಹಾಡೋಕೆ ಶುರು ಮಾಡಿ, ಆಮೇಲೆ ಡ್ರೀಮ್‌ಲ್ಯಾಂಡ್ ಕೆಫೇಲಿ ಕಿಂಗ್ ಆಲಿವರ್ ಜಾಝ್ ಬ್ಯಾಂಡ್ ಜೊತೆ ಹಾಡೋವಷ್ಟು ಮೇಲೆ ಬಂದ್ಲು.

ಪಿಯಾನೋ ನುಡಿಸ್ತಿದ್ದ ಲವಿ ಆಸ್ಟಿನ್ ಜೊತೆ ಸೇರಿ ಕಟ್ಟಿದ 'ಡೌನ್‌ಹಾರ್ಟೆಡ್ ಬ್ಲೂಸ್'ನ 1922ರಲ್ಲಿ ತಾನೇ ರೆಕಾರ್ಡ್ ಮಾಡಿದ್ಲು, ಮರುವರ್ಷ ಇನ್ನೊಬ್ಬ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಅದನ್ನೇ ಕೊಲಂಬಿಯಾ ಕಂಪನಿಗೆ ಹಾಡಿದ್ಲು ನೋಡಿ, ಲಕ್ಷಗಟ್ಟಲೆ ಸೇಲಾಯ್ತು, ಈಗ್ಲೂ ಎಷ್ಟೋ ಜನಕ್ಕೆ ಅದು ಬೆಸ್ಸಿ ಹಾಡು ಅಷ್ಟೇ. 1928ರಲ್ಲಿ ಲಂಡನ್‌ಗೆ ಹೋಗಿ ಪಾಲ್ ರೋಬ್ಸನ್ ಜೊತೆ 'ಶೋ ಬೋಟ್' ಸಂಗೀತ ನಾಟಕ, ಆಮೇಲೆ ಪ್ಯಾರಿಸ್ಸು, ಎರಡನೇ ಮಹಾಯುದ್ಧದಲ್ಲಿ ಸೈನಿಕರ ಮುಂದೆ ಹಾಡು, ಕೊರಿಯಾವರೆಗೂ. ಇದೆಲ್ಲ ಎಲ್ಲಾ ಕಡೆ ಸಿಗುತ್ತೆ ಬಿಡಿ.

ನಂಗೆ ತಲೇಲಿ ಕೂತಿರೋದು ಅದರ ನಂತರದ್ದು. 1950ರ ದಶಕದಲ್ಲಿ ಅಮ್ಮ ತೀರ್ಕೊಂಡ್ರು, ಈಯಮ್ಮ ಹಾಡೋದೇ ನಿಲ್ಲಿಸಿಬಿಟ್ಲು. ಅರವತ್ತರ ಹತ್ರ ಇದ್ದ ವಯಸ್ಸಲ್ಲಿ ಹನ್ನೆರಡು ವರ್ಷ ಕಮ್ಮಿ ಹೇಳಿ, ನರ್ಸಿಂಗ್ ಟ್ರೈನಿಂಗ್ ಮುಗಿಸಿ, ನ್ಯೂಯಾರ್ಕಿನ ಗೋಲ್ಡ್‌ವಾಟರ್ ಆಸ್ಪತ್ರೇಲಿ ಸುಮಾರು ಇಪ್ಪತ್ತು ವರ್ಷ ದುಡಿದ್ಲು. ಮಧ್ಯ 1961ರಲ್ಲಿ ಒಂಚೂರು ರೆಕಾರ್ಡಿಂಗು, ಮತ್ತೆ ವಾಪಸ್ ಪೇಷೆಂಟ್‌ಗಳ ಹತ್ರ. ಬರೆಯೋರೆಲ್ಲ ಇದನ್ನ 'ಮರೆಯಾಗಿದ್ದ ವರ್ಷಗಳು' ಅಂತಾರೆ, ನಂಗೆ ಸಿಟ್ಟು ಬರುತ್ತೆ, ಮರೆಯಾಗೋದೇನು, ದಿನಾ ಡ್ಯೂಟಿಗೆ ಹೋಗ್ತಿದ್ಲಲ್ಲ! ತನಗೆ ಬೇಕು ಅಂತ ಆರಿಸ್ಕೊಂಡ ಕೆಲಸ ಅದು.

1977ರಲ್ಲಿ ಆಸ್ಪತ್ರೆಯೋರು ಎಪ್ಪತ್ತಾಯ್ತು ಅಂತ ರಿಟೈರ್ ಮಾಡಿದ್ರು, ನಿಜವಾಗ್ಲೂ ಆಗಿದ್ದು 82. ಹೇಳಿದ ಸುಳ್ಳಿನ ಲೆಕ್ಕದಲ್ಲೇ ಮನೆಗೆ ಕಳಿಸಿದ್ದು ಪಾಪ. ಅದೇ ವರ್ಷ ಗ್ರೀನಿಚ್ ವಿಲೇಜಲ್ಲಿ ಬಾರ್ನಿ ಜೋಸೆಫ್‌ಸನ್‌ನ 'ಕುಕರಿ' ರೆಸ್ಟೋರೆಂಟಲ್ಲಿ ಹಾಡೋಕೆ ನಿಂತ್ಲು, ಜನ ಮುಗಿಬಿದ್ರು, ಪ್ರೆಸಿಡೆಂಟ್ ಕಾರ್ಟರ್ ವೈಟ್‌ಹೌಸಿಗೆ ಕರೆಸಿದ್ರು. 1984ರಲ್ಲಿ ಸಾಯೋ ವರ್ಷದವರೆಗೂ ಹಾಡು ಬಿಡ್ಲಿಲ್ಲ.

ಆ ವಯಸ್ಸಿನ ಆಲ್ಬಮ್ಮು 'ಆಮ್‌ಟ್ರ್ಯಾಕ್ ಬ್ಲೂಸ್' ಕೇಳಿ. ದೊಡ್ಡ ರಿಂಗ್ ಓಲೆ ಹಾಕ್ಕೊಂಡ ಅಜ್ಜಿ ಡಬಲ್ ಮೀನಿಂಗ್ ಹಾಡನ್ನ ಎಷ್ಟು ಆರಾಮಾಗಿ ಎಳೆದೆಳೆದು ಹಾಡ್ತಾಳೆ ಅಂದ್ರೆ ಬಸ್ಸಲ್ಲಿ ಒಬ್ಬಳೇ ನಗ್ತಾ ಕೂತಿದ್ದೆ. ಅಂದಹಾಗೆ ಅದನ್ನ ಹೊರತಂದಿದ್ದು ಅದೇ ಕೊಲಂಬಿಯಾ.